ಸ್ಟೆಪ್ನಿ ಬಿಸಿಲು

ನಮ್ಮ ಊರಿಗೆ ಬಿಸಿಲು ಕೇಬಲ್ಲಿನಲ್ಲಿ ಬರುತ್ತದೆ. ಇದನ್ನು ಹೇಳಿದರೆ ಹೊರಗಿನವರು ಹಲ್ಲು ಕಿಸಿಯುತ್ತಾರೆ. ನಿಮ್ಮ ಊರಿಗೆ ನೀರು ನಲ್ಲಿಯಲ್ಲಿ ಬರುವುದಿಲ್ಲವೇ? ನಾವು ಬಂದು ನಕ್ಕಿದ್ದೇವೆಯೇ? ಗುಡ್ಡದ ನೆತ್ತಿಯ ಮೇಲೆ ಬಿಸಿಲು ಬೀಳುತ್ತದೆ, ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿಯೊಳಗೆ ಇಳಿದು ಬೆಳಕಿನ ಮನೆಗೆ ಬರುತ್ತದೆ, ಅಲ್ಲಿಂದ ಊರಿಗೆಲ್ಲ ಹರಡುತ್ತದೆ. ಅಷ್ಟೇ. ಆ ಬೆಳಕಿನ ಮನೆಯಲ್ಲಿ ಮೂವತ್ತೊಂದು ವರ್ಷ ಕೂತವನು ನಾನು, ಈರಭದ್ರಪ್ಪ. ಊರವರು ಬಿಸಿಲಪ್ಪ ಅಂತಲೇ ಕರೆಯುತ್ತಾರೆ. ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಾರೆ, ಅದು ಮಾತ್ರ ನನಗೆ ಅಷ್ಟು ಸೇರುವುದಿಲ್ಲ.

ಕೆಲಸ ಸುಲಭದ್ದೆಂದು ತಿಳಿಯಬೇಡಿ. ಮುಂಜಾನೆ ಗುಂಡಿ ತಿರುವಿ ಬಿಸಿಲನ್ನು ನಿಧಾನಕ್ಕೆ ಬಿಡಬೇಕು. ಒಮ್ಮೆಲೇ ಬಿಟ್ಟರೆ ಕೋಳಿಗಳು ಗಾಬರಿಯಾಗಿ ಅರ್ಧ ಕೂಗಿ ನಿಲ್ಲಿಸಿಬಿಡುತ್ತವೆ. ಹತ್ತು ಗಂಟೆಯಾಯಿತೆಂದರೆ ಫೋನು ಶುರು. ಮೇಲಿನ ಓಣಿಯವರು "ಹಪ್ಪಳ ಹಾಕೇವಿ, ಸ್ವಲ್ಪ ಖಾರ ಬಿಡ್ರಿ" ಅನ್ನುತ್ತಾರೆ. ಕೆಳಗಿನ ಓಣಿಯವರು "ಎಮ್ಮಿ ತೇಕಾಕತ್ತಾವು, ಇಳಸ್ರಿ" ಅನ್ನುತ್ತಾರೆ. ಇಬ್ಬರಿಗೂ ಹೂಂ ಅಂದು ಗುಂಡಿಯನ್ನು ಇದ್ದಲ್ಲೇ ಬಿಟ್ಟರೆ ಇಬ್ಬರೂ ಫೋನು ಮಾಡಿ "ಈಗ ಬರೋಬ್ಬರಿ ಆತು ನೋಡ್ರಿ" ಅನ್ನುತ್ತಾರೆ. ಮೂವತ್ತೊಂದು ವರ್ಷದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಇದು.

ಬೆಳಕಿನ ಮನೆಗೆ ಕಿಟಕಿಯಿಲ್ಲ. ಹೊರಗಿನ ಬೆಳಕು ಒಳಗೆ ಬಂದರೆ ಮೀಟರು ತಪ್ಪು ತೋರಿಸುತ್ತದಂತೆ. ಬಿಸಿಲಿನ ಬಣ್ಣ ನೋಡಲು ಗೋಡೆಯ ಮೇಲೆ ರೂಪಾಯಿ ಅಗಲದ ಒಂದು ಚುಕ್ಕಿ ಬೀಳುತ್ತಿತ್ತು. ನನ್ನ ಪಾಲಿನ ಬಿಸಿಲು ಅದೇ. ಊರಿಗೆ ಬಿಸಿಲಿದ್ದಾಗ ನಾನು ಒಳಗಿರುತ್ತಿದ್ದೆ. ನಾನು ಹೊರಗೆ ಬಂದೆನೆಂದರೆ ಒಂದೋ ಹೊತ್ತು ಮುಳುಗಿರುತ್ತಿತ್ತು, ಇಲ್ಲವೇ ಮಂಗಗಳು ಕೇಬಲ್ಲು ಕಡಿದಿರುತ್ತಿದ್ದವು. ಕಡಿದಾಗ ಊರು ಕತ್ತಲಾಗಿ, ನಾನು ಬ್ಯಾಟರಿ ಹಿಡಿದು ಹಳ್ಳದ ದಾರಿಯಲ್ಲಿ ಹೋಗಿ ತಂತಿ ಕೂಡಿಸಿ ಬರುತ್ತಿದ್ದೆ. ಬರುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು.

ನನ್ನ ಹೆಂಡತಿ ಸಾವಂತ್ರೆವ್ವ ದಿನಾ ಸಂಜೆ ಬಿಸಿಲಿಳಿಯುವ ಹೊತ್ತಿಗೆ ಅಂಗಳದಲ್ಲಿ ಕುರ್ಚಿ ಹಾಕಿ ಕೂಡುತ್ತಾಳೆ. ಒಂದಲ್ಲ, ಎರಡು ಕುರ್ಚಿ. ಕೂಡುವವಳು ಒಬ್ಬಳು, ಎರಡು ಯಾಕೆ ಎಂದು ಓಣಿಯವರು ಕೇಳಿದರೆ "ಒಂದು ಸ್ಟೆಪ್ನಿ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನ್ನ ನಿವೃತ್ತಿಯ ದಿನ ಗೊತ್ತಾದಾಗ ಅವಳಿಗೆ ಮಾತು ಕೊಟ್ಟಿದ್ದೆ: "ಅವತ್ತು ಹೊತ್ತು ಮುಳುಗೂದರಾಗ ಬಂದು ಆ ಕುರ್ಚಿ ಮ್ಯಾಲೆ ಕೂಡ್ತೇನಿ." ಅವಳು ಒಲೆಯ ಮುಂದಿನಿಂದ ತಲೆಯೆತ್ತದೆ, "ನೋಡೂಣಂತ" ಅಂದಿದ್ದಳು.

ಆ ಮಾತು ಕೊಡಲು ನನಗೆ ಧೈರ್ಯ ಬಂದದ್ದು ಹೊಸ ಮಷೀನಿನಿಂದ. ಮಂಗಗಳ ಕಾಟ ತಾಳಲಾರದೆ ಊರಿನ ಸಮಿತಿಯವರು ಎರಡು ಕೇಬಲ್ಲು ಹಿಡಿಯುವ ಮಷೀನು ತರಿಸಿದರು. ಎ ಲೈನು ನಮ್ಮ ಗುಡ್ಡದ್ದು. ಬಿ ಲೈನು ಬೇರೆ ಎಲ್ಲಿಂದಲೋ ಬರುವಂಥದ್ದು. ಎ ಲೈನಿನ ಬೆಳಕು ಕುಂದಿದರೆ ಮಷೀನು ತಾನೇ ಕಣ್ಣು ಮಿಟುಕಿಸುವುದರೊಳಗೆ ಬಿ ಲೈನಿಗೆ ಹಾರುತ್ತದೆ, ಎ ಸರಿಹೋದರೆ ತಾನೇ ವಾಪಸು ಬರುತ್ತದೆ. ಗುಂಡಿಯನ್ನೂ ತಾನೇ ತಿರುವಿಕೊಳ್ಳುತ್ತದೆ. ಜೊತೆಗೆ ಕನ್ನಡದಲ್ಲಿ ಒಂದು ಪುಸ್ತಕ ಕೊಟ್ಟಿದ್ದರು. ಯಾವ ಪುಣ್ಯಾತ್ಮ ಕನ್ನಡಕ್ಕೆ ಇಳಿಸಿದ್ದನೋ, ಮೊದಲ ಪುಟದಲ್ಲೇ "ಈ ಬೇಡವಾದ ಬೆಳಕು ಗ್ರಾಹಕ ಯಂತ್ರವನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು" ಎಂದಿತ್ತು.

ಸಮಿತಿಯ ಅಧ್ಯಕ್ಷ ತೋಟಪ್ಪನವರು ಅದನ್ನೋದಿ ಮುಖ ಸಣ್ಣದು ಮಾಡಿಕೊಂಡರು. "ಅಲ್ರೀ ಬಿಸಿಲಪ್ಪ, ಬ್ಯಾಡಾದದ್ದನ್ನ ಯಾಕ ತರಿಸಿದ್ವಿ ನಾವು?"

"ಬ್ಯಾಡಾದದ್ದು ಅಂದ್ರ ಸ್ಟೆಪ್ನಿರಿ ಸಾಹೇಬ್ರ," ಎಂದೆ, ಹೆಂಡತಿಯ ಮಾತನ್ನು ಸಾಲ ತಂದು. "ಜೀಪಿನ ಹಿಂದ ಒಂದು ಗಾಲಿ ಕಟ್ಟಿರ್ತಾರಲ್ಲ, ದಿನಾ ಬ್ಯಾಡ ಅದು. ಪಂಕ್ಚರ್ ಆದ ದಿನ ಅದ ದೇವರು."

"ಹಂಗ ಬರ್ರಿ ಮತ್ತ ದಾರಿಗೆ," ಎಂದು ಅವರು ಗೆಲುವಾದರು. ಅಂದಿನಿಂದ ಊರಲ್ಲಿ ಅದಕ್ಕೆ ಸ್ಟೆಪ್ನಿ ಮಷೀನು ಎಂದೇ ಹೆಸರು. ಆದರೆ ಒಂಬತ್ತನೇ ಪುಟದಲ್ಲಿ ಇನ್ನೊಂದು ಸಾಲಿತ್ತು, ಅದನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. "ಅಳವಡಿಸಿದ ಬಳಿಕ ನಡೆಸುವ ಮನುಷ್ಯ ಬೇಡವಾಗುತ್ತಾನೆ." ಉಳಿದದ್ದನ್ನೆಲ್ಲ ಗೋಜಲು ಮಾಡಿದ್ದ ಆ ಪುಣ್ಯಾತ್ಮ ಈ ಒಂದು ಸಾಲನ್ನು ಮಾತ್ರ ನೀಟಾಗಿ ಬರೆದಿದ್ದ. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅಳುವೂ ಬಂತು.

ಮಷೀನು ಕೂಡಿಸುವುದೂ ನನ್ನ ಬೀಳ್ಕೊಡುಗೆಯೂ ಒಂದೇ ದಿನ ಎಂದು ಸಮಿತಿ ಗೊತ್ತು ಮಾಡಿತು. ಶಾಮಿಯಾನದ ಖರ್ಚು ಒಂದೇ ಸಲ ಆಗುತ್ತದಲ್ಲ. ಕೊನೆಗೆ ಶಾಮಿಯಾನವನ್ನೂ ಹಾಕಲಿಲ್ಲ, ನಾನು ಮಷೀನು ಬಿಟ್ಟು ಹೊರಗೆ ಬರಲಾರೆ ಎಂದೆ, ಸಭೆಯೇ ಡೊಳ್ಳಿನ ಸಮೇತ ಒಳಗೆ ಬಂತು.

ಮೊದಲು ಪೂಜೆ. ಹೊಸ ಗಾಡಿಯಾಗಲಿ, ಹಿಟ್ಟಿನ ಗಿರಣಿಯಾಗಲಿ, ಕುಂಕುಮ ಹಚ್ಚದೆ ಚಾಲೂ ಮಾಡುವವರು ನಾವಲ್ಲ. ಸಾವಂತ್ರೆವ್ವನ ಕುಂಕುಮದ ಭರಣಿಯನ್ನು ಮನೆಯಿಂದ ತಂದಿದ್ದೆ. ಆದರೆ ಮಷೀನಿನ ಹಣೆ ಎಲ್ಲಿ? ಅದೊಂದು ಚಪ್ಪಟೆ ಡಬ್ಬಿ. ಎದುರಿಗೆ ಎರಡು ದೀಪ, ಬೆಳಕಿನ ಅಳತೆ ತೋರಿಸುವ ಒಂದು ಸಣ್ಣ ಅಂಕಿಯ ಕಿಟಕಿ, ಎರಡು ದುಂಡನೆಯ ತೂತು. ತೋಟಪ್ಪನವರು ಅಂಕಿಯ ಕಿಟಕಿಯೇ ಹಣೆ ಎಂದರು. ಡೊಳ್ಳಿನ ಹನುಮಪ್ಪ "ಅದು ಬಾಯಿರಿ, ಅಂಕಿ ಮಾತಾಡತೈತಿ" ಎಂದ. ಅರ್ಧ ತಾಸು ಚರ್ಚೆಯಾಯಿತು. ಕೊನೆಗೆ ನಾನು, ಮೂವತ್ತೊಂದು ವರ್ಷದ ಅನುಭವಿ, ತೀರ್ಪು ಕೊಟ್ಟೆ: ಮುಖ್ಯವಾದದ್ದು ಎ ಲೈನು, ಆದ್ದರಿಂದ ಎ ಲೈನಿನ ತೂತೇ ಹಣೆ. ಮುಚ್ಚಳ ತೆಗೆದು, ಹೆಬ್ಬೆರಳಿನಿಂದ ಒಂದು ದಪ್ಪ ಬೊಟ್ಟು ಒತ್ತಿದೆ. ಬಿ ತೂತಿಗೂ ಇಡಬೇಕೇ ಎಂದು ಯಾರೋ ಕೇಳಿದರು. "ಸ್ಟೆಪ್ನಿಗೆ ಯಾರು ಪೂಜಿ ಮಾಡ್ತಾರೋ?" ಎಂದು ತೋಟಪ್ಪನವರು ಗದರಿದರು.

ಪುಸ್ತಕದಲ್ಲಿ ತಂತಿಯ ತುದಿ ಮುಟ್ಟಬಾರದು, ಕಣ್ಣಿಟ್ಟು ನೋಡಬಾರದು, ಬಾಯಿಂದ ಊದಬಾರದು ಎಂದು ಬರೆದಿತ್ತು. ಕುಂಕುಮ ಇಡಬಾರದು ಎಂದು ಬರೆದಿರಲಿಲ್ಲ. ನಾನು ಆಮೇಲೆ ಮೂರು ಸಲ ಹುಡುಕಿದ್ದೇನೆ.

ಎರಡೂ ತಂತಿ ಸಿಕ್ಕಿಸಿದೆ, ಎ ದೀಪ ಹಸಿರು ಹತ್ತಿತು. ಬೆಳಕು ಎಷ್ಟಕ್ಕಿಂತ ಕಡಿಮೆಯಾದರೆ ಬಿ ಲೈನಿಗೆ ಹಾರಬೇಕೆಂಬ ಮಿತಿಯನ್ನು ನಾವೇ ಇಡಬೇಕಿತ್ತು. ಊರಿಗೆ ಕಳಪೆ ಬಿಸಿಲು ಹೋಗಬಾರದೆಂಬ ಹಟದಿಂದ ನಾನು ಮಿತಿಯನ್ನು ಬಹಳ ಬಿಗಿಯಾಗಿಟ್ಟೆ. ತುಸು ಕುಂದಿದರೂ ಹಾರಬೇಕು, ತುಸು ಏರಿದರೂ ವಾಪಸು ಬರಬೇಕು. ತೋಟಪ್ಪನವರು ಭಾಷಣಕ್ಕೆ ಎದ್ದು ನಿಂತರು. ಗಡಿಯಾರದಲ್ಲಿ ಮುಂಜಾನೆಯ ಹತ್ತು. ಹನುಮಪ್ಪನ ತಂಡ ಆ ಮುಚ್ಚಿದ ಕೋಣೆಯಲ್ಲಿ ಡೊಳ್ಳು ಬಾರಿಸಿತು. ಹಸಿರು ದೀಪ ಆರಿತು, ಬಿ ಲೈನಿನ ಹಳದಿ ಹತ್ತಿತು.

ಹೊರಗೆ ಸಂಜೆಯಾಗಿತ್ತು. ಬಿ ಲೈನು ಬರುವ ಕಡೆ, ನಮಗೆ ಮುಂಜಾನೆಯಿದ್ದರೆ ಸಂಜೆಯಂತೆ, ನಮಗೆ ಸಂಜೆಯಾದರೆ ಮುಂಜಾನೆಯಂತೆ. ನಡುವಿನ ಹೊತ್ತಿನ ಲೆಕ್ಕ ನನ್ನನ್ನು ಕೇಳಬೇಡಿ, ನನಗೂ ಹತ್ತಿಲ್ಲ. ತರಿಸುವಾಗ ಯಾರೂ ಇದನ್ನು ವಿಚಾರಿಸಲಿಲ್ಲ. ಬಿಸಿಲು ಅಂದರೆ ಬಿಸಿಲು, ಅದರಲ್ಲಿ ಇನ್ನೇನು ನೋಡುವುದು ಎಂದುಕೊಂಡಿದ್ದೆವು. ಎಲ್ಲರೂ ಬಾಗಿಲಿಗೆ ಓಡಿ ನೋಡುತ್ತಿದ್ದಂತೆ ಕೇಸರಿ ಬಿಸಿಲು ಸರಸರ ಇಳಿದು ಹೊತ್ತು ಮುಳುಗಿಯೇಬಿಟ್ಟಿತು.

ನಮ್ಮ ಊರಲ್ಲಿ ಗಡಿಯಾರವನ್ನು ಯಾರೂ ಕೇಳುವುದಿಲ್ಲ. ಹೊತ್ತು ಮುಳುಗಿದರೆ ದಿನ ಮುಗಿಯಿತು, ಹುಟ್ಟಿದರೆ ಮರುದಿನ. ನಿವೃತ್ತಿಯ ದಿನ ಹೊತ್ತು ಮುಳುಗಿದ ಕೂಡಲೇ ಸೇವೆ ಮುಗಿಯಿತು, ಅದೂ ನಿಯಮ. ತೋಟಪ್ಪನವರು ಭಾಷಣವನ್ನು ಅಲ್ಲಿಗೇ ಮೊಟಕು ಮಾಡಿ ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. "ಬಿಸಿಲಪ್ಪನವರ ಸೇವೆ ಅಮರ," ಎಂದು ಹೇಳಿ ಊಟಕ್ಕೆ ಹೋದರು. ಊರೆಲ್ಲ ಉಂಡು ಹಾಸಿಗೆ ಬಿಚ್ಚಿತು. ಗಡಿಯಾರದಲ್ಲಿ ಹನ್ನೊಂದೂ ಆಗಿರಲಿಲ್ಲ.

ಡೊಳ್ಳಿನವರು ಹೋಗುವಾಗ ಬಾಗಿಲನ್ನು ಧಡ್ ಎಂದು ಹಾಕಿಕೊಂಡರು. ಹಳದಿ ಆರಿತು, ಹಸಿರು ಹತ್ತಿತು. ಹೊರಗೆ ಕೋಳಿಗಳು ಕೂಗಿದವು, ಸಿಟ್ಟಿನಿಂದ. ಶಾಲೆಯ ಗಂಟೆ ಹೊಡೆಯಿತು. ಹಾಲಿನವಳು ಎಮ್ಮೆಯ ಬಳಿ ಹೋದರೆ ಎಮ್ಮೆ ಅವಳನ್ನು ತಿರುಗಿ ನೋಡಿದ ರೀತಿಯನ್ನು ಅವಳು ಇವತ್ತಿಗೂ ಹೇಳುತ್ತಾಳೆ. ತೋಟಪ್ಪನವರು ಬನಿಯನ್ನಿನಲ್ಲೇ ಓಡಿ ಬಂದರು.

"ಬಿಸಿಲಪ್ಪ, ಇದೇನಿದು? ಈಗರ ಮಲಗಿದ್ದೆ!"

"ನನ್ನ ಕೇಳಬ್ಯಾಡ್ರಿ. ನಾ ನಿನ್ನೆ ನಿವೃತ್ತ ಆದಾಂವ," ಎಂದೆ, ಬುಟ್ಟಿಯೊಳಗಿನ ಬಾಳೆಹಣ್ಣು ಸುಲಿಯುತ್ತಾ.

ಅವರು ಅಲ್ಲೇ ನಿಂತು ಠರಾವು ಬರೆದು ನನ್ನನ್ನು ಒಂದು ದಿನದ ಮಟ್ಟಿಗೆ ಮತ್ತೆ ನೇಮಿಸಿಕೊಂಡರು. ಸಹಿ ಹಾಕಿ, ಖುಷಿಯಿಂದ ಮೇಜು ಗುದ್ದಿದರು. ಹಳದಿ ಹತ್ತಿತು, ಸಂಜೆಯಾಯಿತು, ನನ್ನ ಒಂದು ದಿನ ಮುಗಿಯಿತು. ಅವರು ಎರಡನೇ ಶಾಲು ತರಿಸಿದರು.

ಆಮೇಲೆ ಹೀಗೇ ನಡೆಯಿತು. ಯಾರಾದರೂ ಕೆಮ್ಮಿದರೆ ಮರುದಿನವಾಗುತ್ತಿತ್ತು. ಸೋಮವಾರ ಉಪವಾಸ ಮಾಡುವವರು ಒಪ್ಪತ್ತಿನಲ್ಲಿ ಉಪವಾಸ ಮುಗಿಸಿ ಮಂಗಳವಾರದ ಉಪ್ಪಿಟ್ಟು ತಿಂದರು. ಶಾಲೆಯ ಮಕ್ಕಳು ಬುಧವಾರದ ಹೋಂವರ್ಕ್ ಮಾಡಿಲ್ಲವೆಂದು ಪೆಟ್ಟು ತಿಂದರು, ಅದನ್ನು ಕೊಟ್ಟದ್ದು ಯಾವಾಗ ಎಂದು ಮಾಸ್ತರಿಗೂ ನೆನಪಿರಲಿಲ್ಲ. ನಮ್ಮ ಜನ ಜಗಳ ಮಾಡಲಿಲ್ಲ ನೋಡಿ. ಹಾಸಿಗೆ ಸುತ್ತಿಡುವುದನ್ನು ಬಿಟ್ಟರು, ಪ್ರತಿ ಊಟಕ್ಕೂ ಎರಡೆರಡೇ ತುತ್ತು ಉಣ್ಣತೊಡಗಿದರು, ಅಷ್ಟೇ. ನನ್ನ ಹೆಗಲ ಮೇಲೆ ಮೂರನೇ ಶಾಲೂ ಬಂತು. ಸೆಕೆಗೆ ಜೀವ ಹೋಗುತ್ತಿತ್ತು.

ಈಗ ನಿಜ ಹೇಳುತ್ತೇನೆ. ಎರಡನೇ ಶಾಲಿನ ಹೊತ್ತಿಗೇ ನನಗೆ ಕಾರಣ ತಿಳಿದಿತ್ತು. ಎ ಲೈನು ಬಂದಾಗಲೆಲ್ಲ ಗೋಡೆಯ ಮೇಲಿನ ಚುಕ್ಕಿ ಕೆಂಪಗಿತ್ತು, ಯಾರೋ ಗೋಡೆಗೆ ಬೊಟ್ಟು ಇಟ್ಟಂತೆ. ತೂತಿನಲ್ಲಿ ಕುಂಕುಮ ಕೂತು ಬೆಳಕು ಕುಂದಿದೆ, ಕೋಣೆ ಅಲುಗಿದಾಗ ಪುಡಿ ಅತ್ತಿತ್ತ ಸರಿಯುತ್ತದೆ, ನಾನಿಟ್ಟ ಬಿಗಿ ಮಿತಿಯ ಗೆರೆಯನ್ನು ಅಂಕಿ ಹಾಯುತ್ತದೆ, ಬರುತ್ತದೆ. ಇಷ್ಟು ಗೊತ್ತಾಗಲು ಪುಸ್ತಕ ಬೇಕಿರಲಿಲ್ಲ. ಆದರೆ ನಾನು ಹೇಳಲಿಲ್ಲ. ಯಾಕೆಂದರೆ ಮೂರನೇ ಶಾಲು ಹೊದಿಸುವಾಗ ತೋಟಪ್ಪನವರು ನನ್ನ ಎರಡೂ ಕೈ ಹಿಡಿದು, "ಈ ಮಷೀನ್ ನಂಬಿ ಕೂತ್ರ ಊರು ಹಾಳಾಗತೈತಿ. ನಿಮ್ಮ ನಿವೃತ್ತಿ ರದ್ದು. ಮೈಯಾಗ ಶಕ್ತಿ ಇರೂತನಕ ನೀವ ಇರ್ರಿ, ನೀವು ಬೇಕು," ಎಂದರು. ಬೇಕು ಎಂದರು! ಒಂಬತ್ತನೇ ಪುಟದವನ ಬಾಯಿಗೆ ಮಣ್ಣು ಬಿದ್ದಂತಾಯಿತು. ಸುಮ್ಮನಿದ್ದರೆ ಸಾಕಿತ್ತು, ಒಂದು ಚಿಟಿಕೆ ಕುಂಕುಮ ನನ್ನನ್ನು ಸಾಯುವ ತನಕ ಬೆಳಕಿನ ಮನೆಯ ಕುರ್ಚಿಯಲ್ಲಿ ಕೂಡಿಸುತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ, "ನೋಡ್ತೇನಿ ಸಾಹೇಬ್ರ, ಬಾಳ ತೊಡಕೈತಿ," ಎಂದೆ. ಎಂಥ ಕಳ್ಳ ನಾನು.

ಗಡಿಯಾರದಲ್ಲಿ ನಾಲ್ಕಾದಾಗ ಸಾವಂತ್ರೆವ್ವ ಬುತ್ತಿ ಹಿಡಿದು ಬಂದಳು. ಮದುವೆಯಾದಂದಿನಿಂದ ಅವಳು ಬೆಳಕಿನ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಮೂರು ಶಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನ್ರಿ, ಛಳಿ ಹತ್ತೇತೇನು?"

"ಸನ್ಮಾನ."

"ಇರಲಿ. ಸಂಡಿಗಿ ಹಾಕಿದ್ದೆ, ಬೆಳ್ಳನ್ನ ಸಂಡಿಗಿ ಕೆಂಪಗ ಕಾಣಾಕತ್ತಾವು. ಬಿಸಿಲಿಗೆ ಯಾರರ ಕುಂಕುಮ ಹಚ್ಚ್ಯಾರೇನು?" ಎಂದಳು. ಆಮೇಲೆ ಗೋಡೆಯ ಚುಕ್ಕಿಯನ್ನು ನೋಡಿದಳು, ಮೇಜಿನ ಮೇಲಿದ್ದ ತನ್ನ ಭರಣಿಯನ್ನು ನೋಡಿದಳು, ನನ್ನ ಕೆಂಪು ಹೆಬ್ಬೆರಳನ್ನು ನೋಡಿದಳು. ನಾನು ಕೈಯನ್ನು ಶಾಲಿನೊಳಗೆ ಎಳೆದುಕೊಂಡೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ.

"ಸಂಜಿಗೆ ಬರ್ತೀರೋ ಇಲ್ಲೋ? ಅಷ್ಟ ಹೇಳ್ರಿ."

"ಯಾವ ಸಂಜಿಗೆ? ಇವತ್ತ ನಾಕ ಸಂಜಿ ಆಗ್ಯಾವಲ್ಲ ಮಾರಾಯ್ತಿ."

"ನಾಕಕ್ಕೂ ಕುರ್ಚಿ ಹಾಕಿದ್ದೆ," ಎಂದಳು ಸಾವಂತ್ರೆವ್ವ. ಬುತ್ತಿಯನ್ನು ಮೇಜಿನ ಮೇಲಿಟ್ಟು ಹೋದಳು.

ಬುತ್ತಿ ಬಿಚ್ಚದೆ ಲೆಕ್ಕ ಹಾಕಿದೆ. ಹತ್ತು ಗಂಟೆಗೆ ಸಂಜೆಯಾದಾಗ ಹಾಕಿದ್ದಾಳೆ, ತೆಗೆದಿಟ್ಟಿದ್ದಾಳೆ, ಹನ್ನೊಂದಕ್ಕೆ ಮತ್ತೆ ಹಾಕಿದ್ದಾಳೆ. ಊರವರೆಲ್ಲ ಎರಡು ತುತ್ತು ಉಂಡು ಮಲಗುವಾಗ ಇವಳು ಕತ್ತಲಲ್ಲಿ ಎರಡು ಕುರ್ಚಿ ಒಳಗೆ ಹೊತ್ತಿದ್ದಾಳೆ. ಮೂವತ್ತೊಂದು ವರ್ಷ ಊರು ನನ್ನನ್ನು ಬೇಕು ಬೇಕು ಎಂದು ಫೋನು ಮಾಡಿತು. ಇವಳು ಒಮ್ಮೆಯೂ ಫೋನು ಮಾಡಲಿಲ್ಲ, ಕುರ್ಚಿ ಹಾಕಿದಳು. ನನಗೆ ನಾಚಿಕೆಯಾಯಿತು.

ಎದ್ದೆ. ಮೂರೂ ಶಾಲು ತೆಗೆದು ಮೂಲೆಗೆಸೆದೆ. ಎ ತಂತಿಯನ್ನು ಬಿಚ್ಚಿದೆ. ಊರು ಬಿ ಲೈನಿಗೆ ಹೋಗಿ ಐದನೇ ಸಂಜೆಯಾಯಿತು, ಆಗಲಿ ಬಿಡಿ. ಮಷೀನಿನ ಜೊತೆ ಕೊಟ್ಟಿದ್ದ, ತುದಿಗೆ ಅರಳೆ ಸುತ್ತಿದ ಕಡ್ಡಿಯಿಂದ ತೂತನ್ನು ಒರೆಸಿದೆ, ಕಡ್ಡಿ ಕೆಂಪಾಯಿತು. ಎರಡನೇ ಕಡ್ಡಿ ಗುಲಾಬಿ, ಮೂರನೆಯದು ಬೆಳ್ಳಗೆ ಬಂತು. ತಂತಿಯ ತುದಿಯನ್ನೂ ಒರೆಸಿ ಸಿಕ್ಕಿಸಿದೆ. ಅಂಕಿ ಮೇಲೇರಿ ಕಲ್ಲು ಕೂತ ಹಾಗೆ ಕೂತಿತು. ಮಿತಿಯನ್ನು ಸಡಿಲ ಮಾಡಿದೆ. ಎ ಸರಿಹೋದ ಕೂಡಲೇ ವಾಪಸು ಓಡಿ ಬರಬೇಡ, ಸ್ವಲ್ಪ ಹೊತ್ತು ತಾಳಿ ನೋಡು ಎಂಬ ಇನ್ನೊಂದು ಗುಂಡಿಯೂ ಇತ್ತು, ಅದನ್ನು ತಾಳುವ ಕಡೆಗೆ ತಿರುವಿದೆ. ಮೇಜು ಗುದ್ದಿ ನೋಡಿದೆ. ಬಾಗಿಲು ಧಡ್ ಎನಿಸಿ ನೋಡಿದೆ. ಹಸಿರು ದೀಪ ಕದಲಲಿಲ್ಲ. ಗೋಡೆಯ ಚುಕ್ಕಿ ಹಾಲಿನಂತೆ ಬೆಳ್ಳಗಿತ್ತು.

ತೋಟಪ್ಪನವರು ಕಣ್ಣುಜ್ಜಿಕೊಳ್ಳುತ್ತಾ ಬಂದರು. "ಸರಿ ಆತೇನ್ರಿ? ಏನಾಗಿತ್ತು?"

"ಕುಂಕುಮ. ನಾನ ಹಚ್ಚಿದ್ದು. ಎರಡನೇ ಶಾಲಿನ ಹೊತ್ತಿಗೇ ಗೊತ್ತಿತ್ತು ನನಗ, ಹೇಳಲಿಲ್ಲ. ಇನ್ನ ಇದಕ್ಕ ನಾ ಬ್ಯಾಡ."

ಅವರು ಬೈಯಬೇಕೋ ಸನ್ಮಾನ ಮಾಡಬೇಕೋ ತಿಳಿಯದೆ ಕೊನೆಗೆ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು, "ಮಾನ್ಯರೇ," ಎಂದು ಭಾಷಣ ಶುರು ಮಾಡಿದರು. ಕೇಳಲು ನಾನೊಬ್ಬನೇ ಇದ್ದೆ. ಅವರು ನನ್ನ ಬಾಲ್ಯದ ಭಾಗಕ್ಕೆ ಬಂದಾಗ ಗಡಿಯಾರ ನೋಡಿದೆ. ಆರು ಗಂಟೆ. ಬೀಗದ ಕೈಯನ್ನು ಅವರ ಜೇಬಿಗೆ ಹಾಕಿ ಓಡಿದೆ.

ಅರವತ್ತು ವರ್ಷದ ಮನುಷ್ಯ ಓಣಿಯಲ್ಲಿ ಓಡುವುದನ್ನು ಕಂಡು ಜನ ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡರು. ಬಿಸಿಲು ನನ್ನ ಮುಂದೆ ಮುಂದೆ ಗೋಡೆಗಳ ಮೇಲೆ ಏರುತ್ತಿತ್ತು. ಅಂಗಳ ತಲುಪಿದಾಗ ಬೇವಿನ ಗಿಡದ ಕೆಳಗೆ ಇನ್ನೂ ಒಂದು ಮೊಳ ಬಿಸಿಲು ಉಳಿದಿತ್ತು, ಅದರಲ್ಲಿ ಎರಡು ಕುರ್ಚಿ ಇದ್ದವು. ಸಾವಂತ್ರೆವ್ವ ಒಂದರಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಇನ್ನೊಂದರಲ್ಲಿ ಕೂತೆ. ಬಿಸಿಲು ಮೊಣಕಾಲಿನ ಮೇಲೆ ಬಿತ್ತು. ಬೆಚ್ಚಗಿತ್ತು. ನನಗೆ ಅದು ಬರೀ ಬಿಳಿ ಚುಕ್ಕಿಯಾಗಿ ಉಳಿದಿತ್ತು, ಬೆಚ್ಚಗಿರುತ್ತದೆಂಬುದು ಮರೆತೇಹೋಗಿತ್ತು.

"ಹೆಂಗೈತಿ?" ಎಂದಳು.

"ಸ್ವಲ್ಪ ಖಾರ ಆತೇನು ಅಂತ."

"ಸುಮ್ಮ ಕೂಡ್ರಿ."

ಸುಮ್ಮನೆ ಕೂತೆ. ಬಿಸಿಲು ಮೊಣಕಾಲಿನಿಂದ ಜಾರಿ ಪಾದಕ್ಕೆ ಬಂತು. ಇನ್ನೇನು ಹೊಸ್ತಿಲಿಗೆ ಹೋಗಬೇಕು, ಪಟ್ಟನೆ ಕಣ್ಣು ಕುಕ್ಕುವ ಹೊಸ ಮುಂಜಾವು ಅಂಗಳದ ತುಂಬ ಸುರಿಯಿತು. ಕೋಳಿಗಳು ಕೂಗಿದವು, ಈ ಸಲ ಬೇಸತ್ತು. ಗುಡ್ಡದ ಕಡೆಯಿಂದ ಮಂಗಗಳ ಗದ್ದಲ ಕೇಳಿತು. ಕೇಬಲ್ಲು ಕಡಿದಿದ್ದವು. ನನ್ನ ಕಾಲುಗಳು ತಾವೇ ಎದ್ದವು, ಕೈ ಬ್ಯಾಟರಿಗೆ ತಡಕಿತು.

ಸಾವಂತ್ರೆವ್ವ ಮೊರದಿಂದ ತಲೆಯೆತ್ತಲಿಲ್ಲ. "ಹೋಗಬೇಕೇನು?"

ಅವಳ ಅರ್ಧ ಮುಖದ ಮೇಲೆ ಬಿ ಲೈನಿನ ಬಿಸಿಲು ಬಿದ್ದಿತ್ತು. ಅವಳ ಕೂದಲು ಇಷ್ಟು ನರೆತದ್ದನ್ನು ನಾನು ದೀಪದ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ.

"ಬ್ಯಾಡ," ಎಂದೆ. "ಸ್ಟೆಪ್ನಿ ಐತಿ."

ಮತ್ತೆ ಕೂತೆ. ಅವಳು ಮೊರವನ್ನು ನನ್ನ ಕಡೆಗೆ ಅರ್ಧ ಸರಿಸಿದಳು. ಮುಂಜಾನೆಯಾಗಿತ್ತು, ಇಡೀ ದಿನ ಬಾಕಿಯಿತ್ತು. ನಾನೂ ಕಲ್ಲು ಆರಿಸತೊಡಗಿದೆ.